ಎದೆಯ ಗಂತಿ ತಲೆಗೆ ಹಬ್ಬುವ ಮುನ್ನ

ಕಳೆದ ವರ್ಷ ಕುಣಿಗಲಿನ ಕಡೆಯ ನಮ್ಮ ಪರಿಚಯದ ಮನೆಯೊಂದಕ್ಕೆ ಹೋಗಿದ್ದಾಗ ಆ ಮನೆಯ ಹಿರಿಯ ಮಗನು ಜಗಲಿಯ ಮೇಲೆ ಕುಳಿತು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. “ಅಮ್ಮನಿಗೆ ಬಂದಿರೋದು ಜೀನಿನ ಕಾಯಿಲೆ ಅಂತ ಬರೆದಿದ್ದಾರಲ್ಲ ಸಾರ್, ಹಾಗಾದರೆ ತಂಗಿಗೂ ಬರುತ್ತಾ? ಗಂಡಿನ ಕಡೆಯವರು ಕೇಳಿದರೆ ಏನು ಹೇಳೋದು?” ಅವನ ಕೈಯಲ್ಲಿ ಬೆಂಗಳೂರಿನ ಪ್ರಯೋಗಶಾಲೆಯಿಂದ ಬಂದ ನಾಲ್ಕು ಹಾಳೆಗಳ ವರದಿ ಇತ್ತು. ಅದನ್ನು ಓದಿ ಅರ್ಥ ಹೇಳುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಆ ತಾಯಿಗೆ ಐವತ್ತರ ಆಚೀಚಿನ ವಯಸ್ಸು. ಬೀಡಿ ಸಿಗರೇಟುಗಳ ಮಾತಂತಿರಲಿ, ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಸಹ ಮುಟ್ಟಿದವರಲ್ಲ. ಮೂವತ್ತು ವರ್ಷಕಾಲ ಸೌದೆ, ತೆಂಗಿನ ಗರಿ, ಮಟ್ಟೆಗಳ ಒಲೆಯ ಮುಂದೆ ಬೆಂದವರು. ಕೆಮ್ಮು ಹಿಡಿಯಿತು; ಕ್ಷಕಿರಣ ಚಿತ್ರದಲ್ಲಿ ಎದೆಯ ಬಲಭಾಗದಲ್ಲಿ ಒಂದು ನೆರಳು ಕಂಡಿತು. ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲವಾದರೂ ಕ್ಷಯವೇ ಇರಬೇಕೆಂದು ಊಹಿಸಿ ಔಷಧವನ್ನು ಆರಂಭಿಸಿದರು. ಐದು ತಿಂಗಳು ಹಾಗೆಯೇ ಕಳೆದವು. ಬೆಳಗಿನ ಹೊತ್ತು ತಲೆನೋವು, ವಾಂತಿ. ಅದಕ್ಕೆ ಪಿತ್ತವೆಂದು ಹೆಸರಾಯಿತು. ಒಂದು ದಿನ ಮುದ್ದೆ ತೊಳಸುತ್ತಿದ್ದ ಬಲಗೈ ಸೋತು ಕೋಲು ಜಾರಿ ಬಿದ್ದಿತು. ಬೆಂಗಳೂರಿಗೆ ಕರೆದೊಯ್ದು ಎಂ.ಆರ್.ಐ. ಚಿತ್ರ ತೆಗೆಸಿದಾಗ ಮಿದುಳಿನಲ್ಲಿ ಹಲವು ಗಂಟುಗಳು ಕಂಡವು. ಶ್ವಾಸಕೋಶದ ಏಡಿಗಂತಿಯು, ಅಂದರೆ ಈಗ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವು, ತಲೆಗೆ ಹಬ್ಬಿದ್ದಿತು. ಎದೆಯಿಂದ ತೆಗೆದ ಚೂರನ್ನು ಪರೀಕ್ಷಿಸಿ ಇ.ಜಿ.ಎಫ್.ಆರ್. ಎಂಬ ವಂಶವಾಹಿಯಲ್ಲಿ ಬದಲಾವಣೆ ಇದೆಯೆಂದು ವರದಿ ಬಂದದ್ದು ಆ ಮೇಲೆ.

ಮೊದಲು ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಬೇಕು. ಇಂಗ್ಲಿಷಿನ ‘ಜೀನ್’ ಎಂಬುದಕ್ಕೆ ನಾವು ‘ವಂಶವಾಹಿ’ ಎಂದು ಹೆಸರಿಟ್ಟೆವು. ಹೆಸರು ಅಂದವಾಗಿದೆ, ಆದರೆ ಈ ಸಂದರ್ಭದಲ್ಲಿ ಅದೇ ದಾರಿ ತಪ್ಪಿಸುತ್ತದೆ. ವಂಶವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನ ಕುಲ, ಗೋತ್ರ, ಹೆಣ್ಣು ಕೊಡುವುದು, ತರುವುದು ಇವುಗಳನ್ನೇ ನೆನೆಯುತ್ತಾರೆ. ಏಡಿಗಂತಿಯಲ್ಲಿ ಕಾಣುವ ಈ ಬದಲಾವಣೆಯಾದರೋ ತಂದೆ ತಾಯಿಗಳಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಶ್ವಾಸಕೋಶದ ಯಾವುದೋ ಒಂದು ಜೀವಕೋಶವು ಎರಡಾಗುವಾಗ ತನ್ನ ಲಿಪಿಯನ್ನು ನಕಲು ಮಾಡುವುದರಲ್ಲಿ ತಪ್ಪಿತು. ಆ ತಪ್ಪು ಆ ಕೋಶದ ಸಂತತಿಯಲ್ಲಿ ಮಾತ್ರ ಉಳಿಯಿತು. ಮರದ ಒಂದು ರೆಂಬೆಯ ಎಲೆಗಳು ಮಾತ್ರ ಬಿಳಿಚಿಕೊಂಡರೆ ಉಳಿದ ರೆಂಬೆಗಳ ಹಣ್ಣಿನ ಬೀಜಕ್ಕೆ ಆ ದೋಷ ಇಳಿಯುವುದಿಲ್ಲವಷ್ಟೆ. ಇದೂ ಹಾಗೆಯೇ. ಹುಟ್ಟಿನಿಂದಲೇ ಇಂಥ ಬದಲಾವಣೆಯನ್ನು ಹೊತ್ತು ಬರುವ ಮನೆತನಗಳು ಲೋಕದಲ್ಲಿ ಇಲ್ಲವೆಂದಲ್ಲ. ಆದರೆ ಅವು ಅತಿ ವಿರಳ. ಆದುದರಿಂದ ತಂಗಿಯ ಮದುವೆಗೂ ತಾಯಿಯ ವರದಿಗೂ ಸಂಬಂಧವಿಲ್ಲವೆಂದು ನಾವು ಅವನಿಗೆ ಧೈರ್ಯವಾಗಿ ಹೇಳಿದೆವು.

ಅವನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಉಂಟು. ಎದೆಯಲ್ಲಿ ಹುಟ್ಟಿದ ಗಂತಿ ತಲೆಗೇಕೆ ಹೋಯಿತು? ಕೈಗೋ ಕಾಲಿಗೋ ಏಕೆ ಹೋಗಲಿಲ್ಲ?

ರಕ್ತದ ಓಟವೇ ಇದಕ್ಕೆ ಮೊದಲ ಕಾರಣ. ಹೊಟ್ಟೆಯಲ್ಲಿ ಹುಟ್ಟಿದ ಗಂತಿಯಿಂದ ಬಿಡಿಸಿಕೊಂಡ ಕೋಶಗಳು ಬಹುಮಟ್ಟಿಗೆ ಮೊದಲು ಯಕೃತ್ತಿನಲ್ಲಿ ಸೋಸಲ್ಪಡುತ್ತವೆ. ಅಲ್ಲಿ ತಪ್ಪಿಸಿಕೊಂಡರೆ ಶ್ವಾಸಕೋಶದ ಜಾಲದಲ್ಲಿ ಸಿಕ್ಕಿಬೀಳುತ್ತವೆ. ಶ್ವಾಸಕೋಶದ ಗಂತಿಗೆ ಈ ತಡೆಗಳಿಲ್ಲ. ಅಲ್ಲಿಂದ ಹೊರಟ ಕೋಶವು ನೇರವಾಗಿ ಹೃದಯದ ಎಡಭಾಗವನ್ನು ಸೇರಿ ಅಲ್ಲಿಂದ ದೇಹವೆಲ್ಲಕ್ಕೂ ಹಂಚಿಹೋಗುತ್ತದೆ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರವಾದರೂ ಹೃದಯವು ತಳ್ಳುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲನ್ನು ತಾನೇ ಪಡೆಯುತ್ತದೆ. ಹೆಚ್ಚು ನೀರು ಹರಿಯುವ ಕಾಲುವೆಗೆ ಹೆಚ್ಚು ಕಸ ಬಂದು ಸೇರುವುದು ಸಹಜ.

ಆದರೆ ಇಷ್ಟರಿಂದಲೇ ಎಲ್ಲವೂ ತೀರುವುದಿಲ್ಲ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎಂಬಾತನು ಸ್ತನದ ಏಡಿಗಂತಿಯಿಂದ ಸತ್ತ 735 ಮಂದಿ ಹೆಂಗಸರ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಕೂಲಂಕಷವಾಗಿ ನೋಡಿದನು. ರಕ್ತದ ಓಟವೊಂದೇ ಕಾರಣವಾಗಿದ್ದರೆ ಎಲ್ಲ ಅಂಗಗಳಿಗೂ ರೋಗವು ಅವುಗಳ ರಕ್ತದ ಪಾಲಿಗೆ ತಕ್ಕಂತೆ ಹಬ್ಬಬೇಕಿತ್ತು, ಹಾಗಾಗಿರಲಿಲ್ಲ. ಯಕೃತ್ತಿನಲ್ಲಿ ಹೇರಳ, ಗುಲ್ಮದಲ್ಲಿ ವಿರಳ. ಗಿಡವೊಂದರ ಬೀಜ ನಾಲ್ಕು ದಿಕ್ಕಿಗೂ ಹಾರಬಹುದು, ಆದರೆ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಆತನು ತೀರ್ಮಾನಿಸಿದನು. ಈ ಮಾತನ್ನು ಗುಬ್ಬಿಯ ರೈತರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಒಂದೇ ರಾಶಿಯ ರಾಗಿಯನ್ನು ಕೆಮ್ಮಣ್ಣಿನ ಹೊಲಕ್ಕೂ ಚೌಳು ನೆಲಕ್ಕೂ ಬಿತ್ತಿದರೆ ಏನಾಗುವುದೆಂಬುದನ್ನು ಅವರು ಪ್ಯಾಜೆಟ್ಟನಿಗಿಂತ ಬಹಳ ಹಿಂದೆಯೇ ಬಲ್ಲರು. ವೈದ್ಯರು ಮಾತ್ರ ಈ ವಿವೇಕವನ್ನು ಬಹುಕಾಲ ಮೂಲೆಗಿಟ್ಟಿದ್ದು, 1970ರ ದಶಕದಲ್ಲಿ ಅಮೆರಿಕದ ಐಸೇಯ ಫಿಡ್ಲರ್ ಎಂಬ ವಿಜ್ಞಾನಿಯು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ ಮೇಲೆ ಮತ್ತೆ ಹೊರತೆಗೆದರು.

ಮಿದುಳಿನ ನೆಲವೋ ಬಹು ವಿಚಿತ್ರವಾದುದು. ಅದಕ್ಕೆ ಸುತ್ತಲೂ ಬೇಲಿ ಉಂಟು. 1885ರಲ್ಲಿ ಪಾಲ್ ಏರ್ಲಿಷ್ ಎಂಬ ಜರ್ಮನ್ ಪಂಡಿತನು ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಚುಚ್ಚಿದಾಗ ದೇಹದ ಅಂಗಗಳೆಲ್ಲ ಬಣ್ಣವೇರಿದರೂ ಮಿದುಳು ಬಿಳಿಯಾಗಿಯೇ ಉಳಿಯಿತು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಸಂದಿಲ್ಲದಂತೆ ಹೆಣೆದುಕೊಂಡಿರುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಈ ಬೇಲಿಯು ವಿಷವನ್ನು ತಡೆಯುವಂತೆ ಔಷಧವನ್ನೂ ತಡೆಯುತ್ತದೆ. ಗಂತಿಯ ಕೋಶವೊಂದು ಹೇಗೋ ನುಸುಳಿ ಒಳಗೆ ಬೇರೂರಿತೆಂದರೆ ಕಳ್ಳನಿಗೆ ಮನೆಯ ಬೀಗವೇ ಕಾವಲಾದಂತಾಗುತ್ತದೆ. ಎದೆಯಲ್ಲಿನ ಗಂತಿ ಔಷಧಕ್ಕೆ ಕರಗುತ್ತಿರುವಾಗಲೇ ತಲೆಯಲ್ಲಿನದು ಬೆಳೆಯುತ್ತಿರುವ ವಿಪರೀತವನ್ನು ವೈದ್ಯರು ಕಾಣುವುದು ಈ ಕಾರಣದಿಂದಲೇ.

ಇನ್ನು ಬೀಜದ ವಿಚಾರ. ಶ್ವಾಸಕೋಶದ ಏಡಿಗಂತಿ ಎಂಬುದು ಒಂದೇ ರೋಗವಲ್ಲ. ಬೀಡಿ ಸಿಗರೇಟುಗಳ ನೆಂಟಸ್ತಿಕೆ ಅತಿ ಹೆಚ್ಚಾಗಿರುವ ‘ಸಣ್ಣಕೋಶ’ದ ಬಗೆಯು ಮಿದುಳಿಗೆ ಬಹು ಬೇಗ ಹಬ್ಬುತ್ತದೆಂಬುದು ಹಳೆಯ ತಿಳಿವಳಿಕೆ. ಉಳಿದ ಬಗೆಗಳಲ್ಲಿ ರೋಗ ಪತ್ತೆಯಾಗುವ ಹೊತ್ತಿಗೇ ಹತ್ತು ಮಂದಿಯಲ್ಲಿ ಒಬ್ಬರಿಗಾದರೂ ಮಿದುಳಿನಲ್ಲಿ ಗಂಟು ಇರುತ್ತದೆ. ಆ ಒಬ್ಬರು ಯಾರಾಗುವ ಸಂಭವ ಹೆಚ್ಚು ಎಂಬುದನ್ನು ಹೇಳುವ ಗುರುತುಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ದೊರೆತಿವೆ. 2004ರಲ್ಲಿ ಇ.ಜಿ.ಎಫ್.ಆರ್. ವಂಶವಾಹಿಯ ಬದಲಾವಣೆಯೂ 2007ರಲ್ಲಿ ಜಪಾನಿನ ವಿಜ್ಞಾನಿಗಳಿಂದ ಎ.ಎಲ್.ಕೆ. ಎಂಬುದರ ಬದಲಾವಣೆಯೂ ಬೆಳಕಿಗೆ ಬಂದವು. ಮೊದಲನೆಯದು ಕೋಶದ ಮೈಮೇಲಿರುವ ಒಂದು ಗುಂಡಿಯಂಥದು. ಹೊರಗಿನಿಂದ ಅಪ್ಪಣೆ ಬಂದಾಗ ಮಾತ್ರ ಕೋಶವು ಇಬ್ಭಾಗವಾಗಲೆಂದು ಏರ್ಪಟ್ಟಿರತಕ್ಕದ್ದು. ಅದರ ಲಿಪಿಯಲ್ಲಿ ಒಂದೇ ಅಕ್ಷರ ಬದಲಾದರೂ ಗುಂಡಿಯು ಒತ್ತಿದಂತೆಯೇ ಸಿಕ್ಕಿಕೊಂಡು, ಅಪ್ಪಣೆಯಿಲ್ಲದೆಯೇ ಕೋಶಗಳು ಹೆಚ್ಚುತ್ತ ಹೋಗುತ್ತವೆ. ಎರಡನೆಯದರಲ್ಲಿ ಎರಡನೆಯ ವರ್ಣತಂತುವಿನ ಒಂದು ತುಂಡು ಕಿತ್ತು ತಿರುಗುಮುರುಗಾಗಿ ಅಂಟಿಕೊಂಡು, ಮಲಗಿರಬೇಕಾದ ವಂಶವಾಹಿಯನ್ನು ಎಬ್ಬಿಸುತ್ತದೆ.

ಈ ಎರಡು ಗುರುತುಗಳಲ್ಲಿ ಯಾವುದೊಂದು ಇದ್ದರೂ ರೋಗವು ಮಿದುಳಿಗೆ ಹಬ್ಬುವ ಸಂಭವ ಎದ್ದು ಕಾಣುವಷ್ಟು ಹೆಚ್ಚು. ಇಂಥವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೊದಲ ದಿನವೇ ತಲೆಯಲ್ಲಿ ಗಂಟು ಕಾಣುತ್ತದೆ. ವರ್ಷಗಳು ಕಳೆದಂತೆ ಈ ಪಾಲು ಅರ್ಧದ ಕಡೆಗೆ ಸರಿಯುತ್ತದೆ. ಬೀಜದ ಗುಣವೇ ಹೀಗೋ, ಅಥವಾ ಈ ರೋಗಿಗಳು ಒಳ್ಳೆಯ ಔಷಧದಿಂದ ಹೆಚ್ಚು ಕಾಲ ಬದುಕುವುದರಿಂದ ಮಿದುಳಿನ ಗಂಟು ಬೆಳೆಯಲು ಅವಕಾಶ ಸಿಗುತ್ತದೋ ಎಂದು ತಜ್ಞರು ಚರ್ಚಿಸುತ್ತಾರೆ. ಎರಡರಲ್ಲಿಯೂ ಸತ್ಯಾಂಶ ಇರುವಂತೆ ತೋರುತ್ತದೆ. ಮೊದಲು ಬಂದ ಗೆಫಿಟಿನಿಬ್ ಮೊದಲಾದ ಗುಳಿಗೆಗಳು ಮಿದುಳಿನ ಬೇಲಿಯನ್ನು ಅಷ್ಟಾಗಿ ದಾಟುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಮರೆಯಲಾಗದು.

ಇದು ದೂರದೇಶದವರ ಕತೆಯೆಂದು ವಾಚಕರು ಭಾವಿಸಬಾರದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಭಾರತದ 907 ಮಂದಿ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ ನಮ್ಮವರಲ್ಲಿ ನೂರಕ್ಕೆ 23 ಮಂದಿಗೆ ಇ.ಜಿ.ಎಫ್.ಆರ್. ಬದಲಾವಣೆ ಇದೆ. ಯೂರೋಪಿನ ಜನರಲ್ಲಿ ಇದು ನೂರಕ್ಕೆ 10ರಿಂದ 15. ಹೆಂಗಸರಲ್ಲಿಯೂ ಹೊಗೆ ಸೇದದವರಲ್ಲಿಯೂ ಇದು ಇನ್ನೂ ಹೆಚ್ಚು. ಅಂದರೆ ಆ ಕುಣಿಗಲಿನ ತಾಯಿಯಂಥವರಲ್ಲಿ ಈ ಗುರುತನ್ನು ಹುಡುಕುವುದು ಗುರಿಯಿಟ್ಟು ಹೊಡೆದಂತೆಯೇ ಹೊರತು ಕತ್ತಲಲ್ಲಿ ಕಲ್ಲೆಸೆದಂತಲ್ಲ.

ಮುಂದುವರಿದ ಸಂಶೋಧನೆಗಳೂ ಇವೆ. ಅಮೆರಿಕದ ವಿಜ್ಞಾನಿಗಳ ತಂಡವೊಂದು 2015ರಲ್ಲಿ 86 ಮಂದಿಯ ಮೂಲ ಗಂತಿಯನ್ನೂ ಅವರದೇ ಮಿದುಳಿನ ಗಂಟನ್ನೂ ಪಕ್ಕಪಕ್ಕದಲ್ಲಿಟ್ಟು ಓದಿತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ, ಚಿಕಿತ್ಸೆಗೆ ದಾರಿ ತೋರಬಲ್ಲ ಯಾವುದಾದರೊಂದು ಬದಲಾವಣೆ ಮಿದುಳಿನ ಗಂಟಿನಲ್ಲಿತ್ತು, ಮೂಲದ ಚೂರಿನಲ್ಲಿ ಕಂಡಿರಲಿಲ್ಲ. 2020ರಲ್ಲಿ ಶ್ವಾಸಕೋಶದಿಂದ ಮಿದುಳಿಗೆ ಬಂದ 73 ಗಂಟುಗಳನ್ನು ಪರೀಕ್ಷಿಸಿದಾಗ ಎಂ.ವೈ.ಸಿ., ವೈ.ಎ.ಪಿ.1, ಎಂ.ಎಂ.ಪಿ.13 ಎಂಬ ಮೂರು ವಂಶವಾಹಿಗಳ ಪ್ರತಿಗಳು, ಮಿದುಳಿಗೆ ಹೋಗದೆ ಎದೆಯಲ್ಲಿಯೇ ಇದ್ದ ಗಂತಿಗಳಲ್ಲಿರುವುದಕ್ಕಿಂತ ಹೆಚ್ಚು ಸಲ ಮಿತಿಮೀರಿ ಹೆಚ್ಚಿರುವುದು ಕಂಡಿತು. ಇವುಗಳನ್ನು ಇಲಿಗಳಲ್ಲಿ ಹೆಚ್ಚಿಸಿ ನೋಡಿದಾಗ ಅಲ್ಲಿಯೂ ಗಂತಿ ಮಿದುಳಿಗೆ ಹಬ್ಬುವುದು ಹೆಚ್ಚಾಯಿತು. ಬೀಜವು ದಾರಿಯಲ್ಲಿ ತನ್ನ ಗುಣವನ್ನು ಬದಲಾಯಿಸಿಕೊಳ್ಳುತ್ತದೆಂಬುದು ಇದರಿಂದ ತಿಳಿಯತಕ್ಕ ಸಂಗತಿ. ಆದರೆ ಆ ಮೂರು ಗುರುತುಗಳು ಇನ್ನೂ ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿ ಹಾಸಿಗೆಯ ಬಳಿಗೆ ಬಂದಿಲ್ಲ. ಎಂ.ವೈ.ಸಿ. ಪ್ರತಿ ಹೆಚ್ಚಿದ್ದವರಿಗೆಲ್ಲ ಮಿದುಳಿಗೆ ರೋಗ ಹೋಗುವುದಿಲ್ಲ. ಇಲ್ಲದವರು ಪಾರಾಗುತ್ತಾರೆಂಬ ಭರವಸೆಯೂ ಇಲ್ಲ. ಇಂಥ ಗುರುತುಗಳ ಪಟ್ಟಿಯನ್ನು ಜಾತಕದಂತೆ ಓದಿ ಭವಿಷ್ಯ ನುಡಿಯುವ ವ್ಯಾಪಾರ ನಮ್ಮಲ್ಲಿ ಬೆಳೆಯಕೂಡದು. ರೋಗವೇ ಇಲ್ಲದವರ ಉಗುಳನ್ನು ಕೊಂಡು ಏಡಿಗಂತಿಯ ಭವಿಷ್ಯ ಹೇಳುವೆವೆನ್ನುವವರಿಗೂ ಈ ವಿಜ್ಞಾನಕ್ಕೂ ಏನೇನೂ ಸಂಬಂಧವಿಲ್ಲ.

ಹಾಗಾದರೆ ಇ.ಜಿ.ಎಫ್.ಆರ್., ಎ.ಎಲ್.ಕೆ.ಗಳ ಪರೀಕ್ಷೆಯಿಂದ ಪ್ರಯೋಜನವೇನು? ಆ ಪರೀಕ್ಷೆಯು ಇಂದೇ ಎರಡು ಕೆಲಸಗಳಿಗೆ ದಾರಿ ತೆರೆಯುತ್ತದೆ. ಗುರುತು ಕಂಡವರಿಗೆ ತಲೆನೋವು ಬರುವವರೆಗೆ ಕಾಯದೆ ಮಿದುಳಿನ ಎಂ.ಆರ್.ಐ. ತೆಗೆಸಬಹುದು, ಮುಂದೆಯೂ ಕಾಲಕಾಲಕ್ಕೆ ನೋಡುತ್ತಿರಬಹುದು. ಮತ್ತು ಬೇಲಿ ದಾಟಬಲ್ಲ ಔಷಧವನ್ನೇ ಆರಿಸಬಹುದು. ಒಸಿಮರ್ಟಿನಿಬ್ ಎಂಬ ಗುಳಿಗೆ ಇ.ಜಿ.ಎಫ್.ಆರ್. ಗುರುತಿನವರಲ್ಲಿ ಮಿದುಳಿನ ಗಂಟುಗಳನ್ನೂ ಕುಗ್ಗಿಸುತ್ತದೆ. ಎ.ಎಲ್.ಕೆ. ಗುರುತಿನವರಿಗೆ ಲೋರ್ಲಾಟಿನಿಬ್ ಕೊಟ್ಟು ಐದು ವರ್ಷ ಗಮನಿಸಿದ ಫಲಿತಾಂಶ 2024ರಲ್ಲಿ ಹೊರಬಂದಿತು: ತಲೆಯಲ್ಲಿ ರೋಗ ಮುಂದುವರಿಯದೆ ಉಳಿದವರ ಪ್ರಮಾಣವನ್ನು ನೂರಕ್ಕೆ 92 ಎಂದೂ, ಹಳೆಯ ಔಷಧ ಪಡೆದವರಲ್ಲಿ ಅದನ್ನು 21 ಎಂದೂ ಲೆಕ್ಕಹಾಕಿದ್ದಾರೆ. ಏಡಿಗಂತಿಯ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಅಂತರ ಕಣ್ಣಿಗೆ ಬೀಳುವುದು ಅಪರೂಪ.

ಇಲ್ಲಿಗೆ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ಶ್ವಾಸಕೋಶದ ಏಡಿಗಂತಿಯೆಂದು ತಿಳಿದ ದಿನವೇ ವಂಶವಾಹಿಯ ಪರೀಕ್ಷೆಯೂ ಮಿದುಳಿನ ಚಿತ್ರವೂ ರೋಗನಿದಾನದ ಅಂಗವೆಂದು ಎಣಿಸಲ್ಪಡಬೇಕು. ಹಣವಿದ್ದವರು ಮುಂದೆಂದೋ ಮಾಡಿಸಿಕೊಳ್ಳುವ ಹೆಚ್ಚುವರಿ ಪರೀಕ್ಷೆಯೆಂದು ಅಲ್ಲ. ಇದು ಬೆಂಗಳೂರಿನಲ್ಲಿ ಆದರೆ ಸಾಲದು, ತುಮಕೂರು, ಗುಬ್ಬಿ, ಕುಣಿಗಲುಗಳಿಂದ ಹೊರಡುವ ರೋಗಿಗೂ ಆಗಬೇಕು.

ಜಿಲ್ಲೆಯ ಮಟ್ಟಕ್ಕೆ ಇದು ಎಟುಕದ ವಿದ್ಯೆಯೆಂದು ಹೇಳುವವರಿದ್ದಾರೆ. ಅವರಿಗೆ ನಾವು ಕ್ಷಯದ ಸಿ.ಬಿ.ನ್ಯಾಟ್ ಪರೀಕ್ಷೆಯನ್ನು ನೆನಪಿಸಲಿಚ್ಛಿಸುತ್ತೇವೆ. ಸರ್ಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಉಚಿತವಾಗಿ ನಡೆಯುವ ಈ ಪರೀಕ್ಷೆ ಕಫದಲ್ಲಿರುವ ಕ್ರಿಮಿಯ ವಂಶವಾಹಿಯನ್ನೇ ಹುಡುಕುತ್ತದೆ. ರಿಫಾಂಪಿಸಿನ್ ಎಂಬ ಔಷಧಕ್ಕೆ ಕ್ರಿಮಿ ಬಗ್ಗುವುದೋ ಇಲ್ಲವೋ ಎಂಬುದನ್ನೂ ಅದರ ಲಿಪಿಯಿಂದಲೇ ಎರಡು ಗಂಟೆಗಳಲ್ಲಿ ಓದುತ್ತದೆ. ಕ್ರಿಮಿಯ ಲಿಪಿಯನ್ನು ಜಿಲ್ಲಾ ಕೇಂದ್ರದಲ್ಲಿ ಓದಿಸಬಲ್ಲ ನಾವು ರೋಗಿಯ ಗಂತಿಯ ಲಿಪಿಯನ್ನು ಎಪ್ಪತ್ತು ಕಿಲೋಮೀಟರು ಕಳುಹಿಸಿ ಓದಿಸಲಾರೆವೇ? ಅಲ್ಲದೆ ಆ ಉಚಿತ ಪರೀಕ್ಷೆಯನ್ನು ಸರಿಯಾಗಿ ಬಳಸಿದ್ದರೆ ಕುಣಿಗಲಿನ ಆ ಮನೆಯವರಿಗೆ ಐದು ತಿಂಗಳು ಉಳಿಯುತ್ತಿತ್ತು. ಕಫದಲ್ಲಿ ಕ್ಷಯದ ಗುರುತಿಲ್ಲ, ಕೆಲವು ವಾರಗಳ ಔಷಧದಿಂದ ನೆರಳು ಕರಗಲಿಲ್ಲ ಎಂದಾಗ ಮತ್ತೊಂದು ರೋಗವನ್ನು ಶಂಕಿಸಲೇಬೇಕು. ಮಿದುಳಿನ ಗಂಟುಗಳನ್ನೂ ಕ್ಷಯದ ಗಂಟೆಂದು ಬಗೆಯುವ ಅಪಾಯ ನಮ್ಮ ದೇಶದಲ್ಲಿ ಯಾವಾಗಲೂ ಇದ್ದೇ ಇದೆ; ಚಿತ್ರದಲ್ಲಿ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ವಾಸ್ತವವಾಗಿ ಈ ಪರೀಕ್ಷೆಗಾಗಿ ಪ್ರಯಾಣ ಮಾಡಬೇಕಾದವನು ರೋಗಿಯಲ್ಲ. ಎದೆಯಿಂದ ಸೂಜಿಯ ಮೂಲಕ ತೆಗೆದ ಚೂರು ನೂಲಿನೆಳೆಯಷ್ಟು. ಅದನ್ನು ನೂರಕ್ಕೆ ಹತ್ತರ ಫಾರ್ಮಲಿನ್ನಿನಲ್ಲಿ ಹಾಕಿ, ಬಳಿಕ ಮೇಣದ ಅಚ್ಚಿನಲ್ಲಿ ಹುದುಗಿಸಿ ಇಡುತ್ತಾರೆ. ಆಸ್ಪತ್ರೆಯವರು ಇದನ್ನು ಬ್ಲಾಕ್ ಎನ್ನುತ್ತಾರೆ. ಈ ಬ್ಲಾಕ್ ಹಿಮದ ಪೆಟ್ಟಿಗೆಯನ್ನು ಬೇಡುವುದಿಲ್ಲ. ಅಂಚೆಯಲ್ಲಿ ಕಳುಹಿಸಬಹುದು, ಮಗನು ಜೇಬಿನಲ್ಲಿಟ್ಟುಕೊಂಡು ಗುಬ್ಬಿಯ ನಿಲ್ದಾಣದಲ್ಲಿ ರೈಲು ಹತ್ತಬಹುದು. ಕೆಡುವುದು ಎರಡು ಕಡೆ: ಚೂರನ್ನು ಫಾರ್ಮಲಿನ್ನಿನ ಬದಲು ನೀರಿನಲ್ಲಿಯೋ ಉಪ್ಪುನೀರಿನಲ್ಲಿಯೋ ಇಟ್ಟಾಗ, ಇಲ್ಲವೇ ಬಣ್ಣ ಹಾಕಿ ನೋಡುವ ಪರೀಕ್ಷೆಗಳಿಗೇ ಚೂರನ್ನೆಲ್ಲ ಮುಗಿಸಿಬಿಟ್ಟು ವಂಶವಾಹಿಯ ಪರೀಕ್ಷೆಗೆ ಏನೂ ಉಳಿಸದಿದ್ದಾಗ. ಚೂರು ಸಾಲದಿದ್ದರೆ ರಕ್ತದಲ್ಲಿ ತೇಲುವ ಗಂತಿಯ ಲಿಪಿಯನ್ನು ಓದುವ ಉಪಾಯವೂ ಈಗ ಉಂಟು. ಆದರೆ ರೋಗವು ತಲೆಯಲ್ಲಿಯೇ ಇದ್ದಾಗ ಬೇಲಿಯ ದೆಸೆಯಿಂದ ರಕ್ತದಲ್ಲಿ ಗುರುತು ಸಿಗದೆ ಹೋಗಬಹುದು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವದಲ್ಲಿ ಅದು ಹೆಚ್ಚು ಚೆನ್ನಾಗಿ ಸಿಗುತ್ತದೆ. ರಕ್ತದ ವರದಿಯಲ್ಲಿ ‘ಇಲ್ಲ’ ಎಂದಿದ್ದರೆ ನಿಶ್ಚಿಂತರಾಗುವುದು ತರವಲ್ಲ.

ಇನ್ನು ಹಣದ ಮಾತು. ಔಷಧ ಕೊಳ್ಳಲಾರದವನಿಗೆ ಗುರುತು ತಿಳಿದು ಪ್ರಯೋಜನವೇನೆಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗೆಫಿಟಿನಿಬ್ ನಮ್ಮ ದೇಶದ ಕಂಪೆನಿಗಳಲ್ಲೇ ತಯಾರಾಗಿ ಅಗ್ಗವಾಗಿದೆ. ಒಸಿಮರ್ಟಿನಿಬ್ ಮೇಲಣ ಆಮದು ಸುಂಕವನ್ನು 2024ರ ಜುಲೈ ತಿಂಗಳ ಆಯವ್ಯಯದಲ್ಲಿ ಕೇಂದ್ರ ಸರ್ಕಾರವು ಪೂರ್ತಿಯಾಗಿ ತೆಗೆದುಹಾಕಿತು. ಆದರೂ ರಾಗಿ, ತೆಂಗು ಬೆಳೆದು ಬದುಕುವ ಸಂಸಾರಕ್ಕೆ ಅದರ ಬೆಲೆ ಇಂದಿಗೂ ಭಾರವೇ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಬಿ.ಪಿ.ಎಲ್. ಕುಟುಂಬಗಳು ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಪಡೆಯಬಹುದು. ಆ ಲೆಕ್ಕದಲ್ಲಿ ಚೂರು ತೆಗೆಯುವುದು, ಅದರ ವಂಶವಾಹಿಯನ್ನು ಓದುವುದು, ತಲೆಯ ಚಿತ್ರ ತೆಗೆಯುವುದು ಈ ಮೂರನ್ನೂ ಬಿಡಿಬಿಡಿಯಾಗಿ ನೋಡದೆ ಒಂದೇ ಕಟ್ಟಾಗಿ ಹಿಡಿಯಬೇಕೆಂದು ನಾವು ಒತ್ತಾಯಿಸುತ್ತೇವೆ. ಗುರುತಿಲ್ಲವೆಂದು ತಿಳಿಯುವುದೂ ಲಾಭವೇ: ಕೆಲಸಕ್ಕೆ ಬಾರದ ಗುಳಿಗೆಗೆ ಹಸು ಮಾರುವುದು ತಪ್ಪುತ್ತದೆ.

ಎಲ್ಲರ ತಲೆಗೂ ಎಂ.ಆರ್.ಐ. ತೆಗೆಸಬೇಕೇ ಎಂದು ಕೇಳಬಹುದು. ಎರಡನೆಯ ಹಂತದಿಂದ ಮೇಲ್ಪಟ್ಟ ಶ್ವಾಸಕೋಶದ ಏಡಿಗಂತಿಗೆ ತೆಗೆಸಬೇಕೆಂದು ಹೊರದೇಶದ ತಜ್ಞಮಂಡಲಿಗಳೇ ವಿಧಿಸಿವೆ. ನಮ್ಮಲ್ಲಿ ಬಹುಮಂದಿ ಆಸ್ಪತ್ರೆಗೆ ಬರುವುದೇ ಆ ಹಂತವನ್ನು ದಾಟಿ. ಯಂತ್ರಗಳು ಕಡಿಮೆ, ಸರದಿ ಉದ್ದ ಎನ್ನುವ ಕಡೆಗಳಲ್ಲಿ ಇ.ಜಿ.ಎಫ್.ಆರ್. ಅಥವಾ ಎ.ಎಲ್.ಕೆ. ಗುರುತುಳ್ಳವರನ್ನು ಮುಂದೆ ನಿಲ್ಲಿಸಲಿ. ಹಾಗೆಂದು ಬೀಡಿ ಸೇದುವವರು ತಮ್ಮಲ್ಲಿ ಈ ಗುರುತು ವಿರಳವೆಂದು ನಿಟ್ಟುಸಿರು ಬಿಡುವಂತಿಲ್ಲ. ಅವರಿಗೆ ಬರುವ ಸಣ್ಣಕೋಶದ ಬಗೆಗೆ ಮಿದುಳಿನ ದಾರಿ ತೋರಿಸಲು ಯಾವ ಗುರುತೂ ಬೇಕಿಲ್ಲ.

ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. 1982ರಿಂದ ನಗರ ಪ್ರದೇಶದ ಏಡಿಗಂತಿ ರೋಗಿಗಳ ನೋಂದಣಿಯನ್ನೂ ಅದು ನಡೆಸಿಕೊಂಡು ಬಂದಿದೆ. ತುಮಕೂರಿನಿಂದ ಅಲ್ಲಿಗೆ ಎರಡು ಗಂಟೆಯ ಪ್ರಯಾಣ. ರೋಗಿಗಳು ಕಳೆದುಕೊಳ್ಳುತ್ತಿರುವುದು ಆ ಎರಡು ಗಂಟೆಗಳನ್ನಲ್ಲ, ಹೊರಡುವುದಕ್ಕೆ ಮೊದಲಿನ ಐದು ತಿಂಗಳನ್ನು. ಗುಬ್ಬಿಯಲ್ಲಿಯೋ ಕುಣಿಗಲಿನಲ್ಲಿಯೋ ಎದೆಯ ಚಿತ್ರವನ್ನು ಮೊದಲು ನೋಡುವ ವೈದ್ಯರು ತಮ್ಮ ಚೀಟಿಯಲ್ಲಿ ನಾಲ್ಕು ಸಾಲು ಬರೆದರೆ ಸಾಕು: ಕಫದ ಸಿ.ಬಿ.ನ್ಯಾಟ್ ಆಯಿತೇ, ಎಂದು ಆಯಿತು, ಚೂರನ್ನು ಯಾವಾಗ ತೆಗೆದರು, ಬ್ಲಾಕ್ ಯಾರಲ್ಲಿದೆ, ಬೆಳಗಿನ ತಲೆನೋವು, ವಾಂತಿ, ಕೈಸೋಲು ಇವುಗಳಲ್ಲಿ ಯಾವುದಾದರೂ ಉಂಟೇ.

ಕುಣಿಗಲಿನ ಆ ತಾಯಿ ಈಗ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಮೂರು ತಿಂಗಳ ನಂತರ ತೆಗೆಸಿದ ಚಿತ್ರದಲ್ಲಿ ತಲೆಯ ಗಂಟುಗಳು ಕುಗ್ಗಿವೆ. ಬಲಗೈಗೆ ಹಿಡಿತ ಬಂದಿದೆ, ಆದರೆ ಮುದ್ದೆ ತೊಳಸುವಷ್ಟು ಬಲವಿಲ್ಲ. ಆ ಕೆಲಸ ಮಗಳ ಪಾಲಿಗೆ ಬಂದಿದೆ. ಎಷ್ಟು ಕಾಲ ಹೀಗೆ ನಡೆಯುವುದೆಂದು ವೈದ್ಯರು ಮಾತು ಕೊಟ್ಟಿಲ್ಲ, ಕೊಡಲೂ ಆಗದು. ನಿಂತುಹೋಗಿದ್ದ ಮಗಳ ಮದುವೆಯ ಮಾತನ್ನು ಮನೆಯವರು ಮತ್ತೆ ಎತ್ತಿದ್ದಾರೆ. ಗಂಡಿನ ಕಡೆಯವರಿಗೆ ತೋರಿಸಲೆಂದು ಆ ನಾಲ್ಕು ಹಾಳೆಗಳ ಅರ್ಥವನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡಿರೆಂದು ಅಣ್ಣನು ಕೇಳಿದನು, ಬರೆದುಕೊಟ್ಟಿದ್ದೇವೆ.